ಕೆಲಸ ಮುಗಿಯುವ ದಿನ ಕೇಳುವುದು ಹೇಗೆ?

ಊರಿನ ಸೇತುವೆ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ನಮಗೆ ಒಂದು ತಾರೀಖು ಸಿಗುತ್ತದೆ. ಅದು ದಾಟಿದ ಮೇಲೆ ಇನ್ನೊಂದು. ಒಂದೇ ತಾರೀಖಿನ ಬದಲು ಮೂರು ಅಂದಾಜು ಕೇಳುವ ಪದ್ಧತಿ ಬಂದದ್ದು 1958ರಲ್ಲಿ, ಅಮೆರಿಕದಲ್ಲಿ.

ಆಗ ಅಲ್ಲಿನ ನೌಕಾಪಡೆ, ನೀರಿನೊಳಗಿನ ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಕ್ಷಿಪಣಿ ತಯಾರಿಸುತ್ತಿತ್ತು. ಹಿಂದೆ ಯಾರೂ ಮಾಡದ ಕೆಲಸ, ಹಳೆಯ ಲೆಕ್ಕವಿರಲಿಲ್ಲ. ನೌಕಾಪಡೆ, ಬೂಜ್ ಅಲೆನ್ ಹ್ಯಾಮಿಲ್ಟನ್ ಮತ್ತು ಲಾಕ್‌ಹೀಡ್ ಸೇರಿ 'ಪರ್ಟ್' ಎಂಬ ವಿಧಾನ ರೂಪಿಸಿದವು. ಅದೇ ಕಾಲದಲ್ಲಿ ಡ್ಯೂಪಾಂಟ್ ಕಂಪನಿಯೂ ಕಾರ್ಖಾನೆ ಕಟ್ಟಲು ಇಂಥದ್ದೇ ವಿಧಾನ ಮಾಡಿಕೊಂಡಿತು. ಅದು ಗೊತ್ತಿರುವ ಕೆಲಸವಾದ್ದರಿಂದ ಅಲ್ಲಿ ಒಂದೇ ಅಂದಾಜು ಸಾಕಾಯಿತು. ಮುಂದೆ ಕಟ್ಟಡ ಕೆಲಸದವರು ಎರಡನ್ನೂ ಬಳಸಿದರು.

ಪರ್ಟ್ ಲೆಕ್ಕ ಸುಲಭ. ಶಾಲೆ ಕೊಠಡಿಯ ಪಾಯ ಎಲ್ಲ ಸರಿಹೋದರೆ 4 ದಿನ, ಸಾಮಾನ್ಯವಾಗಿ 7 ದಿನ, ಮಳೆ ಹಿಡಿದರೆ 16 ದಿನ ಎಂದುಕೊಳ್ಳೋಣ. ನಡುವಿನ 7ನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. 4+28+16 ಅಂದರೆ 48. ಉತ್ತರ 8 ದಿನ. ಮೇಸ್ತ್ರಿ ಹೇಳುವ 7ಕ್ಕಿಂತ ಒಂದು ದಿನ ಹೆಚ್ಚು. ಮಳೆಯ ಭಯವೂ ಲೆಕ್ಕಕ್ಕೆ ಸೇರಿತು.

ಹೀಗೆ ಒಂದರ ಹಿಂದೆ ಒಂದು ಬರುವ ಕೆಲಸಗಳ ದಿನ ಕೂಡಿಸಿದರೆ ಕೊನೆಯ ತಾರೀಖು ಸಿಗುತ್ತದೆ. ಆದರೆ ಅಷ್ಟರಲ್ಲಿ ಮುಗಿಯುವ ಸಾಧ್ಯತೆ ಸುಮಾರು ಅರ್ಧ ಮಾತ್ರ.

ಇನ್ನೊಂದು ತೊಡಕನ್ನು 1964ರಲ್ಲಿ ಮ್ಯಾಕ್‌ಕ್ರಿಮನ್ ಮತ್ತು ರೈವೆಕ್ ಎಂಬ ಸಂಶೋಧಕರು ತೋರಿಸಿದರು. ಮೋಲ್ಡ್ ಹಾಕಲು ಗೋಡೆಯೂ ಏಳಬೇಕು, ಕಬ್ಬಿಣವೂ ಬರಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡೂ ಹೇಳಿದ ದಿನಕ್ಕೆ ಆಗುವ ಸಾಧ್ಯತೆ ಅರ್ಧರ್ಧ ಇದ್ದರೆ, ಎರಡೂ ಒಟ್ಟಿಗೆ ಸಿದ್ಧವಾಗುವ ಸಾಧ್ಯತೆ ಕಾಲು ಭಾಗವಷ್ಟೇ. ಪರ್ಟ್ ಅತಿ ಉದ್ದದ ಒಂದೇ ದಾರಿ ನೋಡುವುದರಿಂದ ಇದು ಅದರ ಕಣ್ಣಿಗೆ ಬೀಳುವುದಿಲ್ಲ.

1960ರ ಜುಲೈ 20ರಂದು ಪೊಲಾರಿಸ್ ನೀರಿನಡಿಯಿಂದ ಹಾರಿತು, ಪರ್ಟ್ ಹೆಸರುವಾಸಿಯಾಯಿತು. 1972ರಲ್ಲಿ ಹಾರ್ವೆ ಸಪೋಲ್ಸ್ಕಿ ಎಂಬ ವಿದ್ವಾಂಸರು ಬೇರೆಯದೇ ಮಾತು ಬರೆದರು: ಪರ್ಟ್ ಕೆಲಸ ನಡೆಸಿದ್ದಕ್ಕಿಂತ, ಮೇಲಿನವರು ಪ್ರಶ್ನೆ ಕೇಳದಂತೆ ತಡೆದದ್ದೇ ಹೆಚ್ಚು.

ನಕ್ಷೆ ತೋರಿಸಿದ ಮಾತ್ರಕ್ಕೆ ಲೆಕ್ಕ ಕೊಟ್ಟಂತಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಾವು ಹೀಗೆ ಕೇಳೋಣ: ಬೇಗ ಅಂದರೆ ಯಾವಾಗ, ಸಾಮಾನ್ಯವಾಗಿ ಯಾವಾಗ, ತಡವಾದರೆ ಯಾವಾಗ? ತಡವಾಗುವುದಾದರೆ ಯಾವ ಕಾರಣಕ್ಕೆ? ಆ ಕಾರಣ ಮೊದಲೇ ಗೊತ್ತಾದರೆ, ಮಳೆ ಬರುವ ಮುಂಚೆ ಏನು ಮಾಡಬೇಕೆಂದೂ ಗೊತ್ತಾಗುತ್ತದೆ.