ಗದಗಿನ್ಯಾಗ ನೋಡಾಕ ಏನೈತಿ? (ನಮ್ಮೂರ ಓಣಿ, ಭಾಗ 4)

ಹೋದ ತಿಂಗಳು ಬೆಂಗಳೂರಿಂದ ಬಂದ ದೋಸ್ತ ಒಬ್ಬ ಸ್ಟೇಷನ್‌ನ್ಯಾಗ ಇಳಿದ ಕೂಡಲೇ ಕೇಳಿದ: 'ನಿಮ್ಮೂರಾಗ ನೋಡಾಕ ಏನೈತಲೇ?' ನಾ ಥಟ್ ಅಂತ 'ಇಲ್ಲೇನಿಲ್ಲೋ, ಲಕ್ಕುಂಡಿಗೆ ಹೋಗೂಣ ನಡಿ' ಅಂದೆ. ಹುಟ್ಟಿ ಬೆಳೆದ ಊರಿನ ಬಗ್ಗೆ ಹಂಗಂದಿದ್ದು ರಾತ್ರಿ ಮಲಗಿದಾಗ ಚುಚ್ಚಿತು. ಈ ಪೋಸ್ಟ್ ಅವತ್ತು ನಾ ಕೊಡಬೇಕಿದ್ದ ಉತ್ತರ. ಚರ್ಚ್ ಸ್ಟ್ರೀಟ್ ಥರದ ಬೀದಿ ನಮ್ಮಲ್ಲಿಲ್ಲ, ಖರೆ. ಆದರೆ ಹಳೇ ಊರಿನ ಓಣಿಗಳನ್ನ ಅರ್ಧ ದಿನ ನಡೆದು ನೋಡ್ರಿ, ಆಮೇಲೆ ಮಾತಾಡೂಣ.

ಫೋಟೋ 1, 2: ವೀರನಾರಾಯಣ ಗುಡಿ. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದು ಅಂತ ಪ್ರತೀತಿ. ಎದುರಿನ ಗೋಪುರ ವಿಜಯನಗರ ಶೈಲಿಯದು. ದೇವರ ಧೋತರ ಗಮನಿಸಿ. ವೀರಗಚ್ಚೆ ಅದು, ಯುದ್ಧಕ್ಕೆ ಹೊರಟವರು ಬಿಗಿದು ಉಡೋ ಥರ. ಎಲ್ಲರೂ ಫೋಟೋ ಹೊಡಿಸಿಕೊಳ್ಳೋದು ಮಾತ್ರ ಕುಮಾರವ್ಯಾಸನ ಕಂಬದ ಮುಂದ. ಕೋಳಿವಾಡದ ನಾರಣಪ್ಪ ಇಲ್ಲೇ ಮಿಂದು, ಒದ್ದೆ ಬಟ್ಟೆಯಲ್ಲೇ ಈ ಕಂಬದ ಹತ್ತಿರ ಕೂತು, ಅದು ಆರೋತನಕ ಭಾರತ ಬರೀತಿದ್ದ ಅಂತ ಹಿರಿಯರು ಹೇಳ್ತಾರ. ಹದಿನೆಂಟು ಪರ್ವಗಳಲ್ಲಿ ಅವನು ಬರೆದದ್ದು 10. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. (ಅಸೈನ್‌ಮೆಂಟ್ ಅರ್ಧಕ್ಕೆ ಬಿಟ್ಟವರು ಇದನ್ನ ನೆಪ ಮಾಡಬ್ಯಾಡ್ರಿ.)

ಫೋಟೋ 3ರಿಂದ 6: ತ್ರಿಕೂಟೇಶ್ವರ. ಇಲ್ಲಿ ಸ್ವಲ್ಪ ನಿಧಾನ ಮಾಡ್ರಿ. ಕಲ್ಯಾಣ ಚಾಲುಕ್ಯರ ಕಾಲದ ಗುಡಿ. ಒಂದೇ ಪೀಠದ ಮೇಲೆ ಮೂರು ಲಿಂಗ: ಬ್ರಹ್ಮ, ಮಹೇಶ್ವರ, ಸೂರ್ಯ. ಗೈಡ್‌ಗಳು ಇಷ್ಟು ಹೇಳಿ ಮುಂದ ಹೋಗ್ತಾರ. ಆದರೆ ನನ್ನ ಹಿಡಿದು ನಿಲ್ಲಿಸಿದ್ದು ಈ ಗುಡಿಯ ಎರಡು ಶಾಸನಗಳು.

ಹನ್ನೆರಡನೇ ಶತಮಾನದ ಕೊನೆಗೆ ಚಾಲುಕ್ಯರು ಕುಸಿದಾಗ ನಮ್ಮ ಈ ಎರೆ ಸೀಮೆ, ಆಗಿನ ಬೆಳ್ವೊಲ 300, ಯಾರ ಪಾಲಿಗೆ ಅನ್ನೋದು ದೊಡ್ಡ ಪ್ರಶ್ನೆ. ಉತ್ತರದಿಂದ ದೇವಗಿರಿಯ ಸೇವುಣ ಭಿಲ್ಲಮ ಬಂದ, ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ. ಇಬ್ಬರ ಸೈನ್ಯ ಎದುರಾದದ್ದು ದೂರದ ಕುರುಕ್ಷೇತ್ರದಲ್ಲಲ್ಲ, ನಮ್ಮದೇ ತಾಲೂಕಿನ ಸೊರಟೂರಿನಲ್ಲಿ. ಸೋತವ ಭಿಲ್ಲಮ.

ಈಗ ಶಾಸನಗಳ ವರ್ಷ ನೋಡ್ರಿ. 1191ರದು ಭಿಲ್ಲಮ ಈ ಗುಡಿಗೆ ಕೊಟ್ಟ ದತ್ತಿ. 1192ರದು ಬಲ್ಲಾಳ ಇದೇ ಗುಡಿಗೆ ಕೊಟ್ಟ ದತ್ತಿ. ಆಗ ಅವನ ಬೀಡು ಲೊಕ್ಕಿಗುಂಡಿ, ಅಂದ್ರ ನಾ ದೋಸ್ತನ್ನ ಕರಕೊಂಡು ಹೋದ ಲಕ್ಕುಂಡಿ! ಎರಡೂ ಸಲ ದತ್ತಿ ಪಡೆದ ಆಚಾರ್ಯ ಒಬ್ಬನೇ: ಕಾಳಾಮುಖ ಪಂಥದ ಸಿದ್ಧಾಂತಿ ಚಂದ್ರಭೂಷಣ ಪಂಡಿತ.

ನನಗೆ ಇಬ್ಬರು ರಾಜರಿಗಿಂತ ಈ ಮನುಷ್ಯನ ಮೇಲೇ ಕುತೂಹಲ. ಒಂದು ವರ್ಷ ಒಬ್ಬ ರಾಜನ ಹೊಗಳಿಕೆ ಕಲ್ಲಿಗೇರಿತು, ಮರುವರ್ಷ ಅವನ ವೈರಿಯದು. ಅವಕಾಶವಾದಿ ಅಂತೀರೇನು? ನಾನೂ ಮೊದಲು ಹಂಗ ಅಂದುಕೊಂಡೆ. ಆದ್ರ ಕಾಳಾಮುಖರ ಮಠ ಅಂದ್ರ ಪಾಠ, ಬಂದವರಿಗೆ ಅನ್ನ, ಎರಡೂ ನಡೆಯೋ ಜಾಗ. ಗದ್ದುಗೆ ಮೇಲೆ ಯಾರೇ ಕೂಡಲಿ, ಮರುದಿನ ಮುಂಜಾನೆ ಒಲಿ ಹಚ್ಚಲೇಬೇಕಿತ್ತು. ಹಳೇ ಶಾಸನ ಒಡೆದು ಹಾಕಲಿಲ್ಲವಲ್ಲ, ಅದು ನನಗ ದೊಡ್ಡದಾಗಿ ಕಾಣ್ತದ. ಗೆದ್ದವನೂ ಅದನ್ನ ಹಂಗೇ ಬಿಟ್ಟ.

ಫೋಟೋ 7: ಅದೇ ಆವರಣದ ಸರಸ್ವತಿ ಗುಡಿ. ಮೂರ್ತಿ ಭಗ್ನವಾಗಿದೆ. ಕಂಬಗಳ ಕೆತ್ತನೆ ಮಾತ್ರ ಬಂಗಾರದ ಕೆಲಸ ಮಾಡುವವರ ಕೈಯಿಂದ ಬಂದ ಹಾಗಿದೆ. ಹತ್ತಿರ ಹೋಗಿ ನೋಡ್ರಿ, ಮುಟ್ಟಬ್ಯಾಡ್ರಿ. ಇಲ್ಲೊಂದು ಒಪ್ಪಿಕೊಳ್ಳಬೇಕು. ಏಳನೇತ್ತ ಇದ್ದಾಗ ಟ್ರಿಪ್‌ನ್ಯಾಗ ಒಂದು ಹಳೇ ಗುಡಿಯ ಕಂಬದ ಮೇಲೆ ಕಂಪಾಸಿನ ಮುಳ್ಳಿನಿಂದ ನನ್ನ ಹೆಸರಿನ ಮೊದಲ ಅಕ್ಷರ ಗೀಚಿದ್ದೆ. ಯುದ್ಧ ಗೆದ್ದ ಬಲ್ಲಾಳ ವೈರಿಯ ಅಕ್ಷರ ಮುಟ್ಟಲಿಲ್ಲ, ನಾ ಪುಕ್ಕಟೆ ಕಲ್ಲು ಕೆಡಿಸಿದೆ. ಆ ಗೀರು ಈಗಲೂ ಅಲ್ಲೇ ಐತಿ.

ಫೋಟೋ 8: ಗಿರ್ಮಿಟ್, ಮಿರ್ಚಿ, ಚಹಾ. ವಿವರಣೆ ಬೇಕಾಗಿಲ್ಲ.

ಫೋಟೋ 9, 10: ಟಂಟಂ ಹತ್ತಿ ಬೆಟಗೇರಿಗೆ ಬರ್ರಿ. ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ಕೇಳಿಸಿದರೆ ಬಾಗಿಲಲ್ಲಿ ನಿಂತು ಕೇಳಿ, ಕರೆದರೆ ಒಳಗ ಹೋಗ್ರಿ. ಕೈಮಗ್ಗದ ಸಪ್ಪಳ ಈಗ ಹುಡುಕಬೇಕು. ನಮ್ಮ ಕ್ಲಾಸಿನಾಗ ಇರೋ ನೇಕಾರರ ಮಕ್ಕಳೆಲ್ಲ ಬೆಂಗಳೂರಿನ ಕೆಲಸದ ಮಾತೇ ಆಡ್ತಾರ, ನಾನೂ ಹಂಗೇ.

ಬೆಟಗೇರಿಯ ವೀರಗಲ್ಲುಗಳನ್ನ ಬಿಡಬ್ಯಾಡ್ರಿ. ಸೊರಟೂರಿನ ಕದನದವಲ್ಲ ಇವು. ಕೆಲವು ಅದಕ್ಕಿಂತಲೂ ಹಳೆಯವು. ವೀರಗಲ್ಲನ್ನ ಕೆಳಗಿಂದ ಮ್ಯಾಲೆ ಓದಬೇಕು: ಕೆಳಗೆ ಕಾದಾಟ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತ್ರಿಕೂಟೇಶ್ವರದಲ್ಲಿ ಊರು ಗೆದ್ದವರ, ಆಳಿದವರ ಹೆಸರು ಸಿಕ್ಕವು. ಹೊಡೆದಾಡಿ ಸತ್ತವರ ಮುಖ ನೋಡಬೇಕಂದ್ರ ಇಲ್ಲಿಗೇ ಬರಬೇಕು. ಕೊನೇ ಫೋಟೋದಾಗಿನ ಕಲ್ಲಿನ ಮುಖ ಸವೆದು ಹೋಗೇತಿ, ಕೈಯಾಗಿನ ಕತ್ತಿ ಮಾತ್ರ ಗಟ್ಟಿ ಐತಿ.

ದೋಸ್ತ ದಸರಾ ರಜೆಗೆ ಮತ್ತ ಬರ್ತಾನಂತ. ಮುಂಜಾನೆ ಏಳಕ್ಕ ಸ್ಟೇಷನ್ ಮುಂದ ಇರ್ತೀನಿ, ಬರೋರು ಬರ್ರಿ.