ಬೀರುವಿನ ಸಿ.ಡಿ. ಮತ್ತು ಗಡಿಶಾಲೆಯ ಕನ್ನಡ ಅಕ್ಷರ

ನಮ್ಮ ಶಾಲೆಯ ಬೀರುವಿನಲ್ಲಿ ಎರಡು ವಸ್ತುಗಳಿವೆ. ಒಂದು, ಹಳೆಯ ಹೆಡ್‌ಮೇಷ್ಟ್ರು ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಾರೆ ಬರೆದು ಸೈಕ್ಲೋಸ್ಟೈಲ್ ಮಾಡಿಸಿದ ಪ್ರಶ್ನೆಪತ್ರಿಕೆಗಳ ಕಟ್ಟು. ಇನ್ನೊಂದು, 2004ರಿಂದ ನಾವು ಟೈಪ್ ಮಾಡಿ ಕೂಡಿಟ್ಟ ಪ್ರಶ್ನೆಪತ್ರಿಕೆ, ವಾರ್ಷಿಕೋತ್ಸವದ ವರದಿ, ಮಕ್ಕಳು ಬರೆದ ಕಥೆ ಎಲ್ಲವೂ ಇರುವ ಸಿ.ಡಿ. ಕಂಪ್ಯೂಟರ್ ಬಂದಾಗ ಹೆಡ್‌ಮೇಷ್ಟ್ರು ಅದನ್ನು ಮುಟ್ಟಲಿಲ್ಲ. "ನಿಮ್ಮದು ನಿಮಗಿರಲಿ, ನನ್ನ ಕೈ ಇನ್ನೂ ಆಡ್ತದೆ" ಎಂದರು. ನಾವು ಹಿಂದಿನಿಂದ ನಕ್ಕೆವು. ಕಾಲಕ್ಕೆ ಹೊಂದಿಕೊಳ್ಳದವರು ಎಂದೂ ಹೇಳಿಕೊಂಡೆವು.

ಕಟ್ಟನ್ನು ಇವತ್ತು ಬಿಚ್ಚಿದರೂ ಓದಬಹುದು. ಕಳೆದ ವರ್ಷ ಸಿ.ಡಿ. ಹಾಕಿ ನೋಡಿದರೆ ಒಂದಕ್ಷರವೂ ಕನ್ನಡವಾಗಿರಲಿಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ, ಕೊಕ್ಕೆ ಹೊತ್ತ ಯುರೋಪಿನ ಅಕ್ಷರಗಳು ಸಾಲು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿದ್ದ ಪೋಷಕರೊಬ್ಬರು "ಇದೇನ್ ಸಾ, ಇಂಗ್ಲೀಸಾ?" ಎಂದರು.

ಇದು ಹೇಗಾಯಿತು ಎಂಬುದೇ ಕನ್ನಡ ಗಣಕದ ಇತಿಹಾಸ. ಬೆಂಗಳೂರಿನಲ್ಲಿ ಕೂತು ನೋಡುವುದಕ್ಕೂ ದಿಂಬಂ ಘಾಟಿಯ ಮೇಲೆ ಕೂತು ನೋಡುವುದಕ್ಕೂ ಅದರಲ್ಲಿ ವ್ಯತ್ಯಾಸವಿದೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆಗಿನ ವ್ಯವಸ್ಥೆಯಲ್ಲಿ ಇದ್ದದ್ದು 256 ಮನೆಗಳು. ಅವೆಲ್ಲ ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಹಂಚಿಹೋಗಿದ್ದವು. ಕನ್ನಡ ಫಾಂಟ್ ಮಾಡಿದವರು ಬೇರೆ ದಾರಿಯಿಲ್ಲದೆ ಆ ಮನೆಗಳ ಬಾಗಿಲ ಮೇಲೆಯೇ ಕನ್ನಡದ ಬೋರ್ಡು ತೂಗುಹಾಕಿದರು. ಒಳಗಿನ ಸಂಖ್ಯೆ ಯುರೋಪಿನ ಅಕ್ಷರದ್ದು, ಹೊರಗೆ ಕಾಣುವ ಚಿತ್ರ ಕನ್ನಡದ್ದು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ನಮ್ಮ ಸಿ.ಡಿ.ಯ ಗತಿ.

ಈ ಕೆಲಸ ಮಾಡಿದವರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳನ್ನು ಶಿಫ್ಟ್ ಸೇರಿಸಿ 52 ಮಾಡಿಕೊಂಡು, ಕನ್ನಡದ 49 ವರ್ಣಗಳನ್ನು ಅದರಲ್ಲಿ ಕೂರಿಸಿದರು. ಒತ್ತಿದರೆ ಅಲ್ಪಪ್ರಾಣ, ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ. ಒತ್ತಕ್ಷರಕ್ಕೆ ನಡುವೆ ಒಂದೇ ಕೀಲಿ. ಅದಕ್ಕೆ ಮುಂಚಿನ ಬೆರಳಚ್ಚು ಯಂತ್ರದ ಕನ್ನಡ ಕಲಿಯಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು, ಇದನ್ನು ಕಲಿಯಲು ನಮಗೆ ನಾಲ್ಕು ದಿನ ಸಾಕಾಯಿತು. ರಾವ್ ಅವರು ಈ ವಿನ್ಯಾಸವನ್ನು ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಸ್ವಲ್ಪ ಕಾಲದ ನಂತರ ಕರ್ನಾಟಕ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಚಾಮರಾಜನಗರದ ಡಿ.ಟಿ.ಪಿ. ಅಂಗಡಿಯಿಂದ ನಾವು ತಂದದ್ದು ನುಡಿ. ದುಡ್ಡಿಲ್ಲದೆ ಸಿಕ್ಕಿತು. ಆದರೆ ದುಡ್ಡಿಲ್ಲದೆ ಸಿಗುವುದು ಬೇರೆ, ಬಿಚ್ಚಿ ನೋಡಿ ರಿಪೇರಿ ಮಾಡಲು ಸಿಗುವುದು ಬೇರೆ. ಆಗ ನಮಗೆ ಈ ವ್ಯತ್ಯಾಸ ತಿಳಿದಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಕನ್ನಡ ತಂತ್ರಾಂಶದ ಬಗ್ಗೆ ಕಾಳಜಿಯಿಂದ ಮಾತಾಡುತ್ತಿದ್ದರು. ಕಾದಂಬರಿಕಾರರಿಗೆ ಇದೆಲ್ಲ ಯಾಕೆ ಎಂದುಕೊಂಡವರಲ್ಲಿ ನಾವೂ ಇದ್ದೆವು.

ಗಡಿಯ ತೊಂದರೆ ಶುರುವಾದದ್ದು ತಮಿಳು ಜೊತೆಗೆ ಬಂದಾಗ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆಯ ನಂತರ 1ನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಕಾಯ್ದೆಯ ಬಗ್ಗೆ ನಮ್ಮ ಅಭಿಪ್ರಾಯ ಬೇರೆಯೇ ಇದೆ, ಅದು ಇಲ್ಲಿ ಬೇಡ. ಪೋಷಕರಿಗೆ ಕಳಿಸುವ ಸುತ್ತೋಲೆ, ಮೇಲಿನ ಕಚೇರಿಗೆ ಕಳಿಸುವ ಪಟ್ಟಿ ಎಲ್ಲದರಲ್ಲೂ ಎರಡು ಲಿಪಿ ಬೇಕಾಯಿತು. ಇಲ್ಲಿನ ಕಚೇರಿಗಳ ತಮಿಳು 'ವಾನವಿಲ್' ಫಾಂಟಿನಲ್ಲಿ, ನಮ್ಮ ಕನ್ನಡ ನುಡಿಯಲ್ಲಿ. ಎರಡೂ ಕೂತಿದ್ದು ಅದೇ 256 ಮನೆಗಳಲ್ಲಿ! ಒಂದೇ ಸಂಖ್ಯೆ ಅಲ್ಲಿ ತಮಿಳು, ಇಲ್ಲಿ ಕನ್ನಡ. ಯಾರಾದರೂ ಇಡೀ ಹಾಳೆಯನ್ನು ಆರಿಸಿ ಒಂದು ಸಲ ಫಾಂಟ್ ಬದಲಿಸಿದರೆ ಮುಗಿಯಿತು, ಒಂದು ಭಾಷೆ ಇನ್ನೊಂದನ್ನು ನುಂಗಿಬಿಡುತ್ತಿತ್ತು. ಒಮ್ಮೆ ನಾವು ಕಳಿಸಿದ ಹೆಸರುಪಟ್ಟಿ ಒಂದು ಕಚೇರಿಯಲ್ಲಿ ಹೀಗೇ ಆಗಿ, ಮೂವತ್ತೆರಡು ಮಕ್ಕಳ ಹೆಸರಿನ ಜಾಗದಲ್ಲಿ ಯಾವ ಭಾಷೆಯೂ ಅಲ್ಲದ ಗುರುತುಗಳು ಅಚ್ಚಾಗಿ ವಾಪಸ್ ಬಂದವು. "ಇನ್ನು ಮೇಲೆ ಇಂಗ್ಲಿಷಿನಲ್ಲೇ ಕಳಿಸಿ" ಎಂದರು. ಯಾರೂ ಕನ್ನಡವನ್ನು ನಿಷೇಧಿಸಲಿಲ್ಲ, ಒಂದು ಫಾಂಟ್ ಆ ಕೆಲಸ ಮಾಡಿತು.

ಪರಿಹಾರ ಆಗಲೇ ಇತ್ತು. 1991ರ ಅಕ್ಟೋಬರಿನಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿಯಿತ್ತು, ತಮಿಳಿಗೂ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಮತ್ತೆ ನಾವೇಕೆ ಬದಲಾಗಲಿಲ್ಲ? ಡಿ.ಟಿ.ಪಿ. ಮಾಡುವವರೇಕೆ ಹಟ ಹಿಡಿದರು?

ಅವರನ್ನು ಪ್ರಗತಿಯ ವಿರೋಧಿಗಳು ಎಂದು ಬೈಯುವುದು ಸುಲಭ. 1811ರಿಂದ ಇಂಗ್ಲೆಂಡಿನಲ್ಲಿ ಮಗ್ಗದ ಯಂತ್ರ ಒಡೆದವರಿಗೂ, 1980ರ ದಶಕದಲ್ಲಿ ಕಂಪ್ಯೂಟರ್ ಬೇಡವೆಂದ ನಮ್ಮ ಬ್ಯಾಂಕ್, ಜೀವವಿಮೆ ನೌಕರರಿಗೂ ಇದೇ ಹೆಸರಿಟ್ಟರು. ಯಂತ್ರದ ಮೇಲಿನ ದ್ವೇಷಕ್ಕಿಂತ ಅನ್ನದ ಪ್ರಶ್ನೆ ಅವರಿಗೆ ದೊಡ್ಡದಿತ್ತು. ನಮ್ಮ ಡಿ.ಟಿ.ಪಿ.ಯವರ ಕಥೆಯೂ ಅದೇ. ಪುಸ್ತಕ ಕಟ್ಟುವ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. ಯೂನಿಕೋಡಿಗೆ ಹೋದರೆ ಅಂಗಡಿ ಮುಚ್ಚಬೇಕಿತ್ತು.

ಇನ್ನೊಂದು ಕಾರಣ ನಮಗೆ ಹತ್ತಿರದ್ದು. ತಾಳವಾಡಿ ಬಳಿಯ ಗಾಜನೂರು ಡಾ. ರಾಜ್‌ಕುಮಾರ್ ಹುಟ್ಟಿದ ಊರು. ಇಲ್ಲಿನ ಶಾಲೆಯಲ್ಲಿ ಅವರ ಹೆಸರು ಬರೆಯದ ವರ್ಷವಿಲ್ಲ. ನುಡಿಯಲ್ಲಿ ಅದು ಸರಿಯಾಗಿ ಬರುತ್ತಿತ್ತು. ಯೂನಿಕೋಡಿನಲ್ಲಿ ಜಕಾರದ ಅಡಿಗೆ ಕಕಾರ ಒತ್ತಾಗಿ ಇಳಿದು 'ರಾಜ್ಕುಮಾರ್' ಆಗುತ್ತಿತ್ತು. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಿ ಬಿಡಿಸಬೇಕು ಎಂಬುದು ನಮಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಅಣ್ಣಾವ್ರ ಹೆಸರನ್ನೇ ಬರೆಯಲಾಗದ ಕನ್ನಡ ಎಂಥ ಕನ್ನಡ ಎಂದು ನಾವು ಸಿಟ್ಟಿನಿಂದ ಮತ್ತೆ ನುಡಿಗೇ ಹೋದೆವು. ಆ ಸಿಟ್ಟು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಕಲಿಸುವವರಿಲ್ಲದೆ ಬಂದ ಹೊಸದನ್ನು ಜನ ಹೀಗೆಯೇ ನೋಡುತ್ತಾರೆ.

ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡು ಉದಾಹರಣೆ. ಅಲ್ಲಿಯ ಕನ್ನಡ ಶಾಲೆಗಳೂ ನಮ್ಮಂತೆಯೇ ಬೇರೆ ರಾಜ್ಯದಲ್ಲಿವೆ. ಕೇರಳದ 'ಐಟಿ@ಸ್ಕೂಲ್' ಯೋಜನೆ ಶಾಲೆಗಳಿಗೆ ಗ್ನು/ಲಿನಕ್ಸ್ ತಂದಿತು. ಅದಕ್ಕೂ ಮುಖ್ಯವಾಗಿ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿತು, ಕನ್ನಡ ಮಾಧ್ಯಮದವರಿಗೆ ಕನ್ನಡದಲ್ಲೇ ಐ.ಟಿ. ಪುಸ್ತಕ ಅಚ್ಚು ಹಾಕಿತು.

ತಮಿಳುನಾಡೂ ಹಿಂದೆ ಬಿದ್ದಿರಲಿಲ್ಲ. ಉಮಾಶಂಕರ್ ಅವರ ಕಾಲದಲ್ಲಿ ಎಲ್ಕಾಟ್ ಸಂಸ್ಥೆ ಲಿನಕ್ಸ್ ಕಡೆ ತಿರುಗಿತು. 2010ರಲ್ಲಿ ಸರ್ಕಾರ ಯೂನಿಕೋಡನ್ನು ಒಪ್ಪಿತು. 2011ರ ಸೆಪ್ಟೆಂಬರ್ 15ರಿಂದ ಹಂಚಿದ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜೊತೆ 'ಬಾಸ್' ಲಿನಕ್ಸ್ ಕೂಡ ಇತ್ತು. ಅದನ್ನು ತಯಾರಿಸಿದ್ದು ಸಿ-ಡ್ಯಾಕ್, ಅದರಲ್ಲಿ ಕನ್ನಡವೂ ಇದೆ. ನಮ್ಮ ಊರಿನ ಹುಡುಗರಿಗೂ ಲ್ಯಾಪ್‌ಟಾಪ್ ಬಂತು. ತೆರೆದಾಗ ಎರಡು ಸಾಲು ಕಾಣುತ್ತಿತ್ತು. ಎಲ್ಲರೂ ವಿಂಡೋಸ್ ಸಾಲನ್ನೇ ಒತ್ತಿದರು. ಇನ್ನೊಂದು ಏನೆಂದು ಹೇಳಬೇಕಾದವರು ನಾವು, ನಾವೇ ಅದನ್ನು ಒತ್ತಿರಲಿಲ್ಲ. ಈ ತಪ್ಪನ್ನು ಸರ್ಕಾರದ ಮೇಲೆ ಹಾಕಲು ಮನಸ್ಸು ಬರುವುದಿಲ್ಲ.

ಕೊನೆಗೆ ಹಳ್ಳಿಗೆ ಯೂನಿಕೋಡ್ ತಂದದ್ದು ಮೊಬೈಲು. 2012ರ ಸುಮಾರಿಗೂ ಅನೇಕ ಫೋನುಗಳಲ್ಲಿ ಕನ್ನಡ ಎಂದರೆ ಚೌಕ ಚೌಕ. ಆಮೇಲೆ ಆಂಡ್ರಾಯ್ಡಿನಲ್ಲಿ ಕನ್ನಡ ನೆಲೆಯಾಯಿತು. ಈಗ ದನ ಕಾಯುವ ತಾತನಿಗೂ ಮೊಮ್ಮಗಳು ಕನ್ನಡದಲ್ಲಿ ಮೆಸೇಜು ಕಳಿಸುತ್ತಾಳೆ. ಒಂದೇ ಸುತ್ತೋಲೆಯಲ್ಲಿ ತಮಿಳು, ಕನ್ನಡ ಎರಡನ್ನೂ ಬರೆದು ಕಳಿಸುತ್ತೇವೆ. ಯಾವುದೂ ಯಾವುದನ್ನೂ ನುಂಗುವುದಿಲ್ಲ.

ಇನ್ನು ಸಿ.ಡಿ.ಯ ವಿಷಯ. ಕನ್ನಡದ ಕೆಲವು ಸ್ವಯಂಸೇವಕರು ನುಡಿ, ಬರಹದ ಹಳೆಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಬರೆದು, ಅದರ ಮೂಲಸಂಕೇತವನ್ನೂ ಅಂತರಜಾಲದಲ್ಲಿ ತೆರೆದಿಟ್ಟಿದ್ದಾರೆ. ಅದರಿಂದ 2004ರಿಂದ 2007ರವರೆಗಿನ ಕಡತಗಳು ಬಹುಪಾಲು ಬದುಕಿದವು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತಿತ್ತು. ಯೂನಿಕೋಡಿನಲ್ಲಿ ರೇಫ ಮೊದಲು ಬರಬೇಕು. ಹಾಗಾಗಿ 'ಸೂರ್ಯ', 'ವರ್ಷ' ಬಂದಲ್ಲೆಲ್ಲ ಒಮ್ಮೆ ಕಣ್ಣಾಡಿಸಬೇಕು. 8ನೇ ತರಗತಿಯ ಮಕ್ಕಳು ಶನಿವಾರ ಕೂತು ತಿದ್ದುತ್ತಾರೆ. ಒಬ್ಬಳಿಗೆ ಅವಳ ಅಮ್ಮ 5ನೇ ತರಗತಿಯಲ್ಲಿ ಬರೆದ ಆನೆಯ ಕಥೆ ಸಿಕ್ಕಿತು.

2008ರ ನಂತರದವು ಪೇಜ್‌ಮೇಕರ್ ಕಡತಗಳು. ಲಿಬ್ರೆಆಫೀಸಿನಲ್ಲಿ ಕೆಲವು ತೆರೆದವು, ಸಾಲುಗಳು ಚದುರಿದ್ದವು. ಉಳಿದವು ತೆರೆಯಲೇ ಇಲ್ಲ. ಪೇಜ್‌ಮೇಕರ್ ಇರುವ ಹಳೆಯ ಕಂಪ್ಯೂಟರ್ ಯಾರ ಬಳಿಯಾದರೂ ಕೆಡದೆ ಉಳಿದಿದ್ದರೆ ದಯವಿಟ್ಟು ತಿಳಿಸಿ. ಸಿ.ಡಿ. ಹಿಡಿದು ನಾವೇ ಬರುತ್ತೇವೆ.