ತುಟಿಯ ಹರ್ಪಿಸ್: ಚಿಕಿತ್ಸೆಯ ಇತಿಹಾಸ

ತುಟಿಯ ಅಂಚಿನಲ್ಲಿ ಮೊದಲು ಚುರುಚುರು ಉರಿ, ಆಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು, ಕೊನೆಗೆ ಹಕ್ಕಳೆ. ಜ್ವರದ ಬೆನ್ನಿಗೇ ಏಳುವ ಈ ಗುಳ್ಳೆಗಳಿಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಹೆಚ್ಚಾಗಿ ಅದರ ಮೊದಲನೇ ಬಗೆ. ಸರ್ಪಸುತ್ತಿನ ವೈರಸ್ ಇದೇ ಕುಟುಂಬದ್ದಾದರೂ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಮೊದಲನೇ ಬಗೆಯ ವೈರಸ್ ಇದೆ. ಅವರಲ್ಲಿ ಬಹುಪಾಲು ಜನರಿಗೆ ಲಕ್ಷಣಗಳೇ ಕಾಣುವುದಿಲ್ಲ.

ಹರ್ಪಿಸ್ ಒಬ್ಬರಿಂದೊಬ್ಬರಿಗೆ ಅಂಟುತ್ತದೆಂದು 1873ರಲ್ಲಿ ತೋರಿಸಿದವರು ಫ್ರಾನ್ಸಿನ ಎಮಿಲ್ ವಿಡಾಲ್. ವಾಸಿಯಾದ ಗುಳ್ಳೆ ಅದೇ ಜಾಗದಲ್ಲಿ ಮತ್ತೆ ಏಕೆ ಏಳುತ್ತದೆ ಎಂಬುದು ಆಗಲೂ ಒಗಟಾಗಿಯೇ ಉಳಿಯಿತು. ಮುಖದ ಸಂವೇದನೆಯನ್ನು ಹೊರುವ ನರಗಂಟಿನ ಶಸ್ತ್ರಚಿಕಿತ್ಸೆಯ ನಂತರ ತುಟಿಯಲ್ಲಿ ಗುಳ್ಳೆ ಏಳುವುದನ್ನು ಅಮೆರಿಕದ ಹಾರ್ವೆ ಕುಶಿಂಗ್ 20ನೇ ಶತಮಾನದ ಆರಂಭದಲ್ಲಿ ಗಮನಿಸಿದರು. ವೈರಸ್ ಆ ನರಗಂಟಿನಲ್ಲೇ ಅಡಗಿರಬಹುದೆಂದು 1929ರಲ್ಲಿ ಅರ್ನೆಸ್ಟ್ ಗುಡ್‌ಪಾಶ್ಚರ್ ವಾದಿಸಿದರು. ಅದು ನಿಜವೆಂಬುದಕ್ಕೆ 1970ರ ದಶಕದ ಆರಂಭದಲ್ಲಿ ಪುರಾವೆ ಸಿಕ್ಕಿತು.

ತುಟಿಯ ಗುಳ್ಳೆಗೆ ಅಷ್ಟರವರೆಗಿದ್ದ ಚಿಕಿತ್ಸೆಯೆಲ್ಲ ಚರ್ಮಕ್ಕೇ ಸೀಮಿತ. ಈಥರ್ ಹಚ್ಚಿದರು, ಸಿಡುಬಿನ ಲಸಿಕೆಯನ್ನು ಮತ್ತೆ ಮತ್ತೆ ಚುಚ್ಚಿದರು, ಗುಳ್ಳೆಗೆ ಬಣ್ಣ ಬಳಿದು ಬೆಳಕು ಬಿಟ್ಟರು. ಯಾವುದೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ವಿಲಿಯಂ ಪ್ರುಸಾಫ್ ತಯಾರಿಸಿದ ಇಡಾಕ್ಸುರಿಡಿನ್ 1960ರ ದಶಕದ ಆರಂಭದಲ್ಲಿ ಕಣ್ಣಿನ ಹರ್ಪಿಸ್‌ಗೆ ಮದ್ದಾಯಿತು. ಆದರೆ ಅದು ಆರೋಗ್ಯವಂತ ಜೀವಕೋಶಗಳನ್ನೂ ಬಿಡುತ್ತಿರಲಿಲ್ಲ. ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಹೊವಾರ್ಡ್ ಶೇಫರ್, ಗರ್ಟ್ರೂಡ್ ಎಲಿಯನ್ ಮತ್ತು ಸಂಗಡಿಗರು ರೂಪಿಸಿದ ಎಸೈಕ್ಲೋವಿರ್ ಈ ತೊಡಕನ್ನು ದಾಟಿತು. ಈ ಮದ್ದನ್ನು ಚುರುಕುಗೊಳಿಸುವುದು ವೈರಸ್‌ನದೇ ಕಿಣ್ವ. ಹೀಗಾಗಿ ಸೋಂಕು ತಗಲಿದ ಕೋಶದಲ್ಲಷ್ಟೇ ಅದು ಕೆರಳಿ, ವೈರಸ್‌ನ ಡಿಎನ್‌ಎ ಬೆಳೆಯದಂತೆ ತಡೆಯುತ್ತದೆ. ಅಮೆರಿಕದಲ್ಲಿ 1982ರಲ್ಲಿ ಅದರ ಮುಲಾಮಿಗೆ ಅನುಮತಿ ಸಿಕ್ಕಿತು. 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಮೂವರಲ್ಲಿ ಎಲಿಯನ್ ಒಬ್ಬರು.

ರಕ್ತಕ್ಕೆ ಚೆನ್ನಾಗಿ ಸೇರುವ ವ್ಯಾಲಸೈಕ್ಲೋವಿರ್ 1995ರಲ್ಲಿ ಬಂತು. ಉರಿ ಶುರುವಾದೊಡನೆ ವೈದ್ಯರ ಸಲಹೆಯಂತೆ ನುಂಗಿದರೆ ಒಂದೇ ದಿನದ ಚಿಕಿತ್ಸೆ ಸಾಕು. ಗುಳ್ಳೆ ಬಲಿತ ಮೇಲೆ ಪ್ರಯೋಜನ ಕಡಿಮೆ. ಬಿಸಿಲು ಗುಳ್ಳೆಯನ್ನು ಎಬ್ಬಿಸುವವರಿಗೆ ತುಟಿಗೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುವುದು ನೆರವಾಗುತ್ತದೆ. ಗುಳ್ಳೆ ಇರುವಾಗ ಹಸುಗೂಸಿಗೆ ಮುತ್ತಿಡಲೇಬಾರದು: ಅದಕ್ಕೆ ಈ ಸೋಂಕು ಪ್ರಾಣಾಂತಿಕವಾಗಬಲ್ಲದು. ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ತಾಗಿದರೆ ದೃಷ್ಟಿಗೂ ಕುತ್ತು.

ನರಗಂಟಿನಲ್ಲಿ ಮಲಗಿರುವ ವೈರಸ್ಸನ್ನು ಈ ಯಾವ ಮದ್ದೂ ಮುಟ್ಟದು. ಅದರ ಡಿಎನ್‌ಎಯನ್ನು ಅಲ್ಲೇ ಕತ್ತರಿಸುವ ಜೀನ್ ಚಿಕಿತ್ಸೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳ ನರಗಂಟಿನ ವೈರಸ್ಸನ್ನು ಬಹುಮಟ್ಟಿಗೆ ಅಳಿಸಿತು.